ಸೋಣೆ ಸಂಕ್ರಮಣದ ವೈಪರು

ಗೋವರ್ಧನನ ಕಾರಿನ ವೈಪರು ಗಾಜಿನ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬರುವಷ್ಟರಲ್ಲಿ ಒಬ್ಬ ಮನುಷ್ಯ ವೀಳ್ಯದೆಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯಿಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಇದು ಉತ್ಪ್ರೇಕ್ಷೆಯಲ್ಲ. ಸಾಲಿಗ್ರಾಮದಲ್ಲಿ ಅವನ ಪಕ್ಕದ ಮನೆಯ ಮಂಜಯ್ಯ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಕಾರಿನೊಳಗೆ ಕೂತು ಇದನ್ನು ಮಾಡಿಯೇ ತೋರಿಸಿದ್ದರು. ಎಲೆ ಬಾಯಿಗೆ ಹೋದ ಮೇಲೂ ವೈಪರಿಗೆ ನಾಲ್ಕು ಬೆರಳು ದಾರಿ ಉಳಿದಿತ್ತು.

ಬೇಸಿಗೆಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅಂದು ಸೋಣೆ ಸಂಕ್ರಮಣ, ಮಳೆಗಾಲದ ನಡುವೆ ಸೋಣೆ ತಿಂಗಳು ಹುಟ್ಟುವ ದಿನ. ಮದುವೆಯಾದ ಮೊದಲ ವರ್ಷ ಹೆಣ್ಣು ಆಸಾಡಿ, ಅಂದರೆ ಆಷಾಢದ ತಿಂಗಳು ಪೂರ್ತಿ ತವರಿನಲ್ಲಿರಬೇಕು, ಗಂಡ ಅವಳ ಮುಖ ನೋಡಬಾರದು, ಸೋಣೆ ಹುಟ್ಟಿದ ದಿನ ಹೋಗಿ ಕರೆದುಕೊಂಡು ಬರಬೇಕು. ಗೋವರ್ಧನನ ಹೆಂಡತಿ ಸುಪ್ರೀತಾ ಬೈಂದೂರಿನ ಹತ್ತಿರ ಉಪ್ಪುಂದದಲ್ಲಿರುವ ತವರಿಗೆ ಹೋಗಿ ಮೂವತ್ತೊಂದು ದಿನವಾಗಿತ್ತು. ಮುಖ ನೋಡಬಾರದು ಅಂದರೆ ಫೋನಿನಲ್ಲೂ ನೋಡಬಾರದು ಎಂದು ಅವಳ ಅಜ್ಜಿ ಅಮ್ಮಣಿ ಕಟ್ಟಪ್ಪಣೆ ಮಾಡಿದ್ದರು. ಪಂಚಾಂಗ ನೋಡಿಸಿ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: ಸಂಜೆ ಐದು ಗಂಟೆಯೊಳಗೆ ಹೆಣ್ಣು ಹೊಸ್ತಿಲು ದಾಟಬೇಕು. ದಾಟದಿದ್ದರೆ ಮತ್ತೆ ಒಂಬತ್ತು ದಿನ ಕಾಯಬೇಕು.

ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಕರೆತರಬಹುದಿತ್ತು. ಬುದ್ಧಿಯಿದ್ದವರು ಹಾಗೇ ಮಾಡುತ್ತಾರೆ. ಆದರೆ ಗೋವರ್ಧನನ ಮನೆಯ ಮುಂದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಮೂವತ್ತು ವರ್ಷ ಹಳೆಯದು, ಬಟ್ಟೆಯ ಛಾವಣಿಯದು, ಎರಡೇ ಸೀಟಿನದು. ಮುಂಬೈಯಲ್ಲಿ ಹೋಟೆಲಿಟ್ಟ ಸೋದರಮಾವ ಮದುವೆಗೆ ಉಡುಗೊರೆಯಾಗಿ ಕಳಿಸಿದ್ದು. ಅದು ಎಷ್ಟು ತಗ್ಗಾಗಿತ್ತೆಂದರೆ ಅದಕ್ಕೆ ಹತ್ತುವುದು ಎನ್ನುವಂತಿರಲಿಲ್ಲ, ಇಳಿಯುವುದು ಎನ್ನಬೇಕಿತ್ತು. ಹೊರಗೆ ಬರುವಾಗ ಹತ್ತಬೇಕಿತ್ತು.

ದೇವಸ್ಥಾನದ ಬೀದಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ ಗೋವರ್ಧನ ಸ್ವಭಾವತಃ ಕನಸುಗಾರ. ದಿನವಿಡೀ ಬೇರೆಯವರ ನಗುಮುಖಗಳಿಗೆ ಗಾಜು ಹಾಕುತ್ತ ಹಾಕುತ್ತ ಅವನಿಗೂ ಒಂದು ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮರವಂತೆಯ ರಸ್ತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ಮೇಲಿಂದ ಮಳೆ. ಮೂರು ನೀರಿನ ನಡುವೆ ಕೆಂಪು ಕಾರು, ಅದರೊಳಗೆ ಅವನು ಮತ್ತು ಸುಪ್ರೀತಾ. ಮೂರನೆಯವರಿಗೆ ಜಾಗವೇ ಇಲ್ಲದ ಕಾರು. ಕಾರು ಬಂದ ದಿನವೇ ಈ ಚಿತ್ರವನ್ನು ಅವಳಿಗೆ ಹೇಳಿದ್ದ, ಅವಳು ತಲೆ ತಗ್ಗಿಸಿ ನಕ್ಕಿದ್ದಳು. ಆಸಾಡಿಯ ಒಂದೊಂದು ದಿನವನ್ನೂ ಅವನು ದೂಡಿದ್ದು ಇದೇ ಚಿತ್ರವನ್ನು ನೋಡಿಕೊಂಡು. ಒಮ್ಮೆಯಂತೂ ಯಾರದೋ ಷಷ್ಟಿಪೂರ್ತಿಯ ಫೋಟೊವನ್ನು ತಲೆಕೆಳಗಾಗಿ ಕಟ್ಟು ಹಾಕಿ ಕಳಿಸಿದ್ದ.

ಬೆಳಿಗ್ಗೆ ಎಂಟಕ್ಕೆ ಗೋವರ್ಧನ ಹೊಸ ಅಂಗಿ ತೊಟ್ಟು ಕಾರಿಗೆ ಇಳಿದು ವೈಪರಿನ ಸ್ವಿಚ್ಚು ಒತ್ತಿದ. ವೈಪರು ಒಮ್ಮೆ ನಡುಗಿತು, ಯೋಚಿಸಿತು, ಆಮೇಲೆ ಮಳೆಹನಿಗಳ ಒಪ್ಪಿಗೆ ಕೇಳಿಕೊಂಡು ಮುಂದೆ ಹೋದಂತೆ ನಿಧಾನಕ್ಕೆ ಹೊರಟಿತು. ಮಂಜಯ್ಯ ಛತ್ರಿ ಹಿಡಿದು ಬಂದರು. ತಾವು ಬಸ್ಸು ಬಿಡುತ್ತಿದ್ದ ಕಾಲದಲ್ಲಿ ವೈಪರು ಕೆಟ್ಟರೆ ಹೊಗೆಸೊಪ್ಪು ಉಜ್ಜುತ್ತಿದ್ದೆವು, ನೀರು ಗಾಜಿಗೆ ಅಂಟುವುದೇ ಇಲ್ಲ ಎಂದರು. ಹೇಳಿದವರು ಸುಮ್ಮನಿರಲಿಲ್ಲ. ಸೊಂಟದ ಚೀಲದಿಂದ ಹೊಗೆಸೊಪ್ಪು ತೆಗೆದು ತಾವೇ ಉಜ್ಜಿದರು. ಅದು ಸಾಲದೆಂದು ಆಲೂಗಡ್ಡೆ ತರಿಸಿ ಅದನ್ನೂ ಉಜ್ಜಿದರು. ಅರ್ಧ ಗಂಟೆಯಲ್ಲಿ ಗಾಜು ಕಾಫಿ ಲೋಟದ ತಳದ ಬಣ್ಣಕ್ಕೆ ತಿರುಗಿತು. ಮೊದಲು ಮಳೆ ಮಾತ್ರ ಅಡ್ಡ ಬರುತ್ತಿತ್ತು, ಈಗ ಗಾಜೇ ಅಡ್ಡ ಬರತೊಡಗಿತು.

ಆಗ ಬೀದಿಯಲ್ಲಿ ಹೋಗುತ್ತಿದ್ದ ಶೀನ ಕಾರಿನ ಪಕ್ಕ ನಿಂತ. ಅರವತ್ತರ ಶೀನ ಯಕ್ಷಗಾನ ಮೇಳವೊಂದರ ಮದ್ದಳೆಗಾರ. ಮಳೆಗಾಲದಲ್ಲಿ ಮೇಳವಿಲ್ಲ, ಆಟವಿಲ್ಲ. ಬಾರಿಸಲು ಏನೂ ಸಿಗದೆ ಅವನ ಬೆರಳುಗಳು ಸದಾ ಯಾವುದಾದರೂ ಮೇಜು, ಬಾಗಿಲು, ಡಬ್ಬಿ ಹುಡುಕುತ್ತಿದ್ದವು. ಸಾಸ್ತಾನದ ಚಂದ್ರನ ಗ್ಯಾರೇಜಿಗೆ ಹೋಗುವುದೇ ಸರಿ ಎಂದ. ದಾರಿ ತೋರಿಸಲು ತಾನೂ ಬರುತ್ತೇನೆ ಎಂದು ಪಕ್ಕದ ಸೀಟಿಗೆ ಇಳಿದೂಬಿಟ್ಟ. ಸಾಸ್ತಾನ ನಾಲ್ಕು ಕಿಲೋಮೀಟರು ದೂರದ ನೇರ ರಸ್ತೆ, ತೋರಿಸುವಂಥ ದಾರಿ ಏನೂ ಇರಲಿಲ್ಲ. ಹಿಂದೆ ಬರುವಾಗ ಇವನನ್ನು ಮನೆಯ ಹತ್ತಿರ ಬಿಟ್ಟರಾಯಿತು ಎಂದುಕೊಂಡು ಗೋವರ್ಧನ ಹೊರಟ. ದಾರಿಯುದ್ದಕ್ಕೂ ಶೀನ ಕಾರಿನ ಮುಂಭಾಗದ ಹಲಗೆಯ ಮೇಲೆ ಏಕತಾಳ ನುಡಿಸಿದ. ವೈಪರು ಒಂದು ಸಲ ಹೋಗಿ ಬರುವಷ್ಟರಲ್ಲಿ ಅವನ ಪದ್ಯ ಮುಗಿಯುತ್ತಿತ್ತು.

ಚಂದ್ರ ಕಡಿಮೆ ಮಾತಿನವನು. ಮೊದಲು ಗಾಜು ತೊಳೆದ, ಆಮೇಲೆ ಬಾನೆಟ್ಟು ಎತ್ತಿ ಬಹಳ ಹೊತ್ತು ಇಣುಕಿದ. ಒಳಗಿನ ಕೀಲುಗಳಲ್ಲಿದ್ದ ಹಳೆಯ ಗ್ರೀಸು ಒಣಗಿ ಬೆಲ್ಲದ ಪಾಕದಂತಾಗಿತ್ತು, ಅದನ್ನು ಕೆರೆದು ತೆಗೆದ. ಆದರೂ ವೈಪರು ಅಷ್ಟಕ್ಕಷ್ಟೇ.

"ಮೋಟ್ರ್ ಗಟ್ಟಿ ಇತ್ತ್. ಕರೆಂಟ್ ಬಪ್ಪ ದಾರಿ ಸಪೂರ. ಸ್ವಿಚ್ಚಿಗ್ ಹೋಯಿ, ಸುತ್ತ್ ಹೊಡ್ದ್, ಮೋಟ್ರಿಗ್ ಬಂದ್ ಮುಟ್ಟುವತ್ತಿಗೆ ಅದ್ಕೇ ಸುಸ್ತ್" ಎಂದ.

ಅದಕ್ಕೆ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಬೇಕು, ಒಂದು ದಪ್ಪ ವಯರು ಎಳೆದು ಅದನ್ನು ಸಿಕ್ಕಿಸಿದರೆ ಬ್ಯಾಟರಿಯ ಕರೆಂಟು ಎಲ್ಲೂ ಸುತ್ತದೆ ಸೀದಾ ಮೋಟರಿಗೆ ಬರುತ್ತದೆ, ಹೊಸ ಕಾರಿನ ವೈಪರಿಗಿಂತ ಜೋರಾಗಿ ಓಡುತ್ತದೆ ಎಂದು ವಿವರಿಸಿದ. ಪೆಟ್ಟಿಗೆ ಉಡುಪಿಯಲ್ಲಿತ್ತು. ಉಡುಪಿಯಲ್ಲಿದ್ದದ್ದು ಸಾಸ್ತಾನಕ್ಕೆ ಬರಲು ನಮ್ಮ ಕಡೆ ಕೊರಿಯರು ಗಿರಿಯರು ಬೇಕಾಗಿಲ್ಲ. ಅಂಗಡಿಯವನಿಗೆ ಒಂದು ಫೋನು ಮಾಡಿದರೆ ಅವನು ಹೊರಡುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾನೆ, ಕಂಡಕ್ಟರು ಸ್ಟಾಪಿನಲ್ಲಿ ಚಾಚಿದ ಕೈಗೆ ಕೊಟ್ಟು ಮುಂದೆ ಹೋಗುತ್ತಾನೆ. ಮದ್ದು, ಮಲ್ಲಿಗೆ, ಜಾತಕ, ಹಲ್ಲಿನ ಸೆಟ್ಟು, ಎಲ್ಲವೂ ಹೀಗೇ ಊರೂರು ಮುಟ್ಟುತ್ತವೆ. ಹನ್ನೆರಡೂವರೆಯ ಬೈಂದೂರು ಬಸ್ಸಿನಲ್ಲಿ ಕಂಡಕ್ಟರ್ ಸೋಮನ ಕೈಯಲ್ಲಿ ಬರುತ್ತದೆ, ಪೊಟ್ಟಣದ ಮೇಲೆ ಗೋವರ್ಧನನ ಹೆಸರು ಬರೆಸಿದ್ದೇನೆ ಎಂದ ಚಂದ್ರ. ಅಷ್ಟರೊಳಗೆ ದಪ್ಪ ವಯರು ಎಳೆದು ಮುಗಿಸಿದ. ಹಳೆಯ ದಾರಿಯನ್ನು ಕತ್ತರಿಸಿಯೂ ಬಿಟ್ಟ. ಹೀಗಾಗಿ ನಿಧಾನಕ್ಕಾದರೂ ಓಡುತ್ತಿದ್ದ ವೈಪರು ಈಗ ಪೂರ್ತಿ ನಿಂತಿತು.

ಹನ್ನೆರಡೂವರೆಗೆ ಸರಿಯಾಗಿ ಮಳೆ ಬಂತು, ಬಸ್ಸೂ ಬಂತು. ಎದುರಿಗಿದ್ದ ತೆಂಗಿನ ಮರವೂ ಕಾಣದಂಥ ಮಳೆ. ಮೂವರೂ ಗ್ಯಾರೇಜಿನ ಶಟರಿನ ಕೆಳಗೆ ನಿಂತು ಕೈ ಬೀಸಿದರು. ಮಬ್ಬಿನಲ್ಲಿ ಬಸ್ಸಿನ ಎರಡು ದೀಪ ಹತ್ತಿರ ಬಂದವು, ಒಂದು ಗಳಿಗೆ ನಿಂತ ಹಾಗೆ ಮಾಡಿ ಮುಂದಕ್ಕೆ ಹೋದವು. ಗೋವರ್ಧನ ಬರಿಗಾಲಲ್ಲಿ ನೂರು ಮಾರು ಓಡಿ, ಹೊಸ ಅಂಗಿ ಒದ್ದೆ ಮಾಡಿಕೊಂಡು ವಾಪಸು ಬಂದ. ಹತ್ತು ನಿಮಿಷದಲ್ಲಿ ಸೋಮನ ಫೋನು ಬಂತು.

"ಹ್ವಾಯ್, ಸಾಸ್ತಾನದಲ್ಲ್ ಒಂದ್ ನರಪಿಳ್ಳೆ ಕಂಡಿಲ್ಲೆ. ನೀವ್ ತಲಿಬಿಸಿ ಮಾಡ್ಕಣಬೇಡಿ. ಪಾರ್ಸೆಲ್ ಉಪ್ಪುಂದದಲ್ಲ್ ನಿಮ್ಮ ಹೆಂಡ್ತಿ ಮನಿಗೇ ಕೊಡ್ತೆ. ಮನಿ ನಂಗ್ ಗೊತ್ತಿತ್ತಲೆ, ಮದಿ ದಿಬ್ಬಣ ತಂದದ್ ಈ ಬಸ್ಸೇ ಅಲ್ದಾ."

ಇದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಪೊಟ್ಟಣದ ಮೇಲೆ ಗೋವರ್ಧನ ಅಂತಿದೆ, ಗೋವರ್ಧನನಿಗೆ ಎರಡು ಮನೆ, ಒಂದು ತಪ್ಪಿದರೆ ಇನ್ನೊಂದು. ಸೋಮ ಒಳ್ಳೆಯ ಮನುಷ್ಯ. ಆದರೆ ಈಗ ಹೆಂಡತಿಯೂ ರಿಲೇಯೂ ಉಪ್ಪುಂದದಲ್ಲಿ, ವೈಪರಿಲ್ಲದ ಕಾರು ಸಾಸ್ತಾನದಲ್ಲಿ, ನಡುವೆ ಐವತ್ತು ಕಿಲೋಮೀಟರು ಮಳೆ. ರಿಲೇ ಬೇಕಾದರೆ ಉಪ್ಪುಂದಕ್ಕೆ ಹೋಗಬೇಕು, ಉಪ್ಪುಂದಕ್ಕೆ ಹೋಗಬೇಕಾದರೆ ರಿಲೇ ಬೇಕು. ಬಸ್ಸಿಗೆ ಹೋಗು ಎಂದು ಚಂದ್ರ ಒಮ್ಮೆ ಹೇಳಿ ನೋಡಿದ. ಗೋವರ್ಧನನ ಕಣ್ಣು ಎಲ್ಲೋ ಇತ್ತು, ಬಹುಶಃ ಮರವಂತೆಯಲ್ಲಿ.

ಉಪಾಯ ಹೊಳೆದದ್ದು ಶೀನನಿಗೆ. ಚಂಡೆಯನ್ನು ಹಗ್ಗ ಹಾಕಿ ಬಿಗಿದು ಶ್ರುತಿಗೆ ತರುತ್ತೇವಲ್ಲ, ಹಾಗೆಯೇ ವೈಪರಿಗೂ ಹಗ್ಗ ಕಟ್ಟಿ ಎಳೆದರೆ ಏನು ಎಂದು ಕೇಳಿದ. ಚಂದ್ರ ತುಸು ಯೋಚಿಸಿ ಆಗಬಹುದು ಎಂದ. ಮೋಟರಿನ ಕೊಕ್ಕೆ ಬಿಡಿಸಿ ವೈಪರಿನ ಕೈಗಳನ್ನು ಸಡಿಲ ಮಾಡಿದ. ಕಾರಿನ ಹಿಂಭಾಗದಲ್ಲಿ ಗೋವರ್ಧನನ ಅಂಗಡಿಯ ದಾರದ ಉಂಡೆ ಬಿದ್ದಿತ್ತು, ಫೋಟೊ ತೂಗುಹಾಕುವ ಗಟ್ಟಿ ನೈಲಾನು ದಾರ. ಅದರ ಒಂದು ತುಂಡನ್ನು ಎಡಗಡೆಯ ವೈಪರಿಗೆ ಕಟ್ಟಿ ಎಡ ಕಿಟಕಿಯೊಳಗೆ ತಂದರು, ಇನ್ನೊಂದನ್ನು ಬಲಗಡೆಯದಕ್ಕೆ ಕಟ್ಟಿ ಬಲ ಕಿಟಕಿಯಿಂದ ಗೋವರ್ಧನನ ಗದ್ದದ ಕೆಳಗಾಗಿ ಎಳೆದು ತಂದರು. ಎರಡೂ ತುದಿ ಶೀನನ ಕೈಯಲ್ಲಿ. ಎಡದ್ದು ಎಳೆದರೆ ಎರಡು ವೈಪರೂ ಎಡಕ್ಕೆ, ಬಲದ್ದು ಎಳೆದರೆ ಎರಡೂ ಬಲಕ್ಕೆ. ಉಪ್ಪುಂದದಲ್ಲಿ ರಿಲೇ ಸಿಕ್ಕ ಮೇಲೆ ಅದನ್ನು ಸಿಕ್ಕಿಸಿ, ಕೊಕ್ಕೆಗೆ ಒಂದು ನಟ್ಟು ಬಿಗಿದರೆ ಆಯಿತು, ಅರ್ಧ ಗಂಟೆಯ ಕೆಲಸ ಎಂದು ಚಂದ್ರ ಒಂದು ಸ್ಪ್ಯಾನರು ಕೊಟ್ಟು ಕಳಿಸಿದ.

ಎರಡು ಗಂಟೆಗೆ ಹೊರಟರು. ತೆರೆದ ಕಿಟಕಿಗಳಿಂದ ಮಳೆ ಒಳಗೆ ಬಂದು ಇಬ್ಬರ ತೊಡೆಯ ಮೇಲೆ ಕೂರತೊಡಗಿತು. ಆದರೆ ಗಾಜು ಮಾತ್ರ ಕನ್ನಡಿಯ ಹಾಗೆ. ಮೂರು ತಿಂಗಳಿನಿಂದ ಕೆಲಸವಿಲ್ಲದ ಶೀನನ ಕೈಗಳಿಗೆ ಕೊನೆಗೂ ಕೆಲಸ ಸಿಕ್ಕಿತ್ತು. ತುಂತುರು ಹನಿಗೆ ಏಕತಾಳ, ಮಳೆ ಬಲಿತರೆ ತ್ರಿವುಡೆ ತಾಳ, ಎದುರಿನಿಂದ ಲಾರಿ ಬಂದು ಕೆಸರು ಎರಚಿದರೆ ಯುದ್ಧದ ಸನ್ನಿವೇಶದ ಬಿರುಸು, ಆಮೇಲೆ ಒಂದು ಚಂದದ ಮುಕ್ತಾಯ. ಕೋಟೇಶ್ವರ ದಾಟುವಾಗ ಅವನು ಪದವನ್ನೂ ಸಣ್ಣಗೆ ಹೇಳತೊಡಗಿದ. ಕುಂದಾಪುರದಲ್ಲಿ ಸಿಗ್ನಲಿನ ಹತ್ತಿರ ನಿಂತಾಗ ಜನ ಸುತ್ತುಗಟ್ಟಿದರು. ಒಬ್ಬರು ದಾರಕ್ಕೆ ಎಣ್ಣೆ ಹಚ್ಚಲು ಹೇಳಿದರು, ಒಬ್ಬರು ಅದನ್ನು ಕಾಲಿಗೆ ಕಟ್ಟಿಕೊಳ್ಳಲು ಹೇಳಿದರು. ಇನ್ನೊಬ್ಬರು ತಮ್ಮ ಅಳಿಯ ದುಬೈಯಲ್ಲಿ ಇಂಥದೇ ಕಾರು ನೋಡಿದ್ದಾನೆ, ಅಲ್ಲಿ ಮಳೆಯೇ ಇಲ್ಲ ಎಂದು ತಿಳಿಸಿದರು. ಇದೆಲ್ಲ ಮುಗಿಯುವಾಗ ಇಪ್ಪತ್ತು ನಿಮಿಷ ಹೋಗಿತ್ತು.

ತ್ರಾಸಿ ಕಳೆದು ಮರವಂತೆ ಬಂತು. ಮಳೆ ತಾನಾಗಿ ಮೆತ್ತಗಾಯಿತು. ಎಡಕ್ಕೆ ಕಡಲು ಬೂದಿ ಬಣ್ಣಕ್ಕೆ ತಿರುಗಿ, ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಬಲಕ್ಕೆ ಹೊಳೆ ತುಂಬಿ ಹಸಿರಾಗಿ ಅಲುಗದೆ ನಿಂತಿತ್ತು, ಅದರಾಚೆ ತೆಂಗಿನ ತೋಟಗಳು ನೀರಿನ ಮೇಲೆ ತೇಲಿದಂತೆ ಕಾಣುತ್ತಿದ್ದವು. ರಸ್ತೆ ಎರಡು ನೀರಿನ ನಡುವೆ ಮಲಗಿದ ಹಾಗಿತ್ತು. ಗೋವರ್ಧನನಿಗೆ ತಾನು ಎಚ್ಚರವಿದ್ದೇನೆಯೋ ಇಲ್ಲವೋ ತಿಳಿಯದಾಯಿತು. ಪಕ್ಕದಲ್ಲಿ ಸುಪ್ರೀತಾ ಕೂತಿದ್ದಾಳೆ, ಅವಳ ಮುಡಿಯ ಅಬ್ಬಲಿಗೆ ಹೂವಿಗೆ ಮಳೆಯ ವಾಸನೆ ಹತ್ತಿದೆ. ಅವನು ಅವಳ ಕಡೆ ವಾಲಿದ.

"ಚಳಿ ಆತ್ತಾ ನಿಂಗೆ?" ಎಂದು ಮೆಲ್ಲಗೆ ಕೇಳಿದ.

"ಚಳಿ ಅಲ್ಲ ಮಾರಾಯ, ರಟ್ಟಿ ಸೋಲ್ತಿತ್ತ್" ಎಂದ ಶೀನ.

ಗೋವರ್ಧನ ಬೆಚ್ಚಿ ರಸ್ತೆಯ ಕಡೆ ತಿರುಗಿದ. ಪರವಾಗಿಲ್ಲ, ಇದು ಬರೀ ತಾಲೀಮು ಎಂದು ಮನಸ್ಸಿಗೆ ಹೇಳಿಕೊಂಡ. ಹಿಂದೆ ಬರುವಾಗ ಇದೇ ರಸ್ತೆ, ಇದೇ ಮಳೆ, ರಿಲೇ ಹಾಕಿದ ವೈಪರು ಮತ್ತು ಸುಪ್ರೀತಾ. ಶೀನನಿಗೆ ಬಸ್ಸು ಹತ್ತಿಸಿದರಾಯಿತು. ಲೆಕ್ಕವೆಲ್ಲ ಸರಿಯಾಗಿತ್ತು.

ಉಪ್ಪುಂದ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಸುಪ್ರೀತಾಳ ತವರು ಹೆದ್ದಾರಿಗೆ ತಾಗಿಯೇ ಇರುವ ಹೆಂಚಿನ ಮನೆ. ಅವಳ ಅಪ್ಪ ಮೀನಿನ ವ್ಯಾಪಾರದವರು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದಿದ್ದರಿಂದ ಬೆಳಿಗ್ಗೆಯೇ ಪಿಕಪ್ಪು ತೆಗೆದುಕೊಂಡು ಗಂಗೊಳ್ಳಿ ಬಂದರಿಗೆ ಹೋಗಿದ್ದರು. ಜಗಲಿಯ ಮೇಲೆ ಅಮ್ಮಣಿ ಕೂತಿದ್ದರು. ಬಾಗಿಲ ಹಿಂದೆ ಹಸಿರು ಬಳೆಯ ಒಂದು ಕೈ ಮಾತ್ರ ಕಾಣುತ್ತಿತ್ತು. ಆಮೇಲೆ ಮುಖವೂ ಕಂಡಿತು. ಮೂವತ್ತೊಂದು ದಿನಗಳ ನಂತರ ಕಂಡ ಆ ಮುಖವನ್ನು ಗೋವರ್ಧನ ಎಷ್ಟು ಹೊತ್ತು ನೋಡಿದನೆಂದರೆ ಅಮ್ಮಣಿ ಎರಡು ಸಲ ಕೆಮ್ಮಿ, ಕಾಲು ತೊಳೆಯಲು ಇಟ್ಟ ನೀರಿನ ತಂಬಿಗೆಯನ್ನು ಸದ್ದು ಮಾಡಿ ಸರಿಸಬೇಕಾಯಿತು.

ಎಚ್ಚೆತ್ತ ಗೋವರ್ಧನ ಪೊಟ್ಟಣದ ವಿಷಯ ಕೇಳಿದ.

"ಸೋಮ ತಂದ್ ಕೊಟ್ಟಿದ. ಬಿಡ್ಸಿ ಕಂಡೆ. ನಾಕ್ ಹಲ್ಲಿಪ್ಪು ಒಂದ್ ಕಪ್ಪ್ ಪೆಟ್ಗಿ. ನಮ್ಮನಿಗ್ ಅದ್ ಎಂತಕೆ? ಸಾಲಿಗ್ರಾಮದ್ ತಪ್ಪಿ ಇಲ್ಲಿಗ್ ಬಂದಿತ್ ಅಂದ್ಕಂಡ್ ಅವ್ನ ಕೈಯಲ್ಲೇ ವಾಪಸ್ ಕೊಟ್ಟೆ. ಹಿಂದೆ ಬಪ್ಪತ್ತಿಗೆ ಸಾಲಿಗ್ರಾಮದಲ್ಲ್ ಇಳ್ಸ್ತ" ಎಂದರು ಅಮ್ಮಣಿ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ.

ಇದರಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಬೇರೆಯವರ ವಸ್ತುವನ್ನು ಒಂದು ರಾತ್ರಿಯೂ ಮನೆಯಲ್ಲಿ ಇಟ್ಟುಕೊಳ್ಳದ ಮನೆತನ ಅದು. ಸೋಮನ ಬಸ್ಸು ಬೈಂದೂರಿಗೆ ಹೋಗಿ ನಿಂತಿದೆ, ಐದೂಕಾಲಿಗೆ ಹಿಂದೆ ಬರುತ್ತದೆ ಎಂದು ಸುಪ್ರೀತಾ ಬಾಗಿಲಿನಿಂದಲೇ ಹೇಳಿದಳು. ಹಾಗಾದರೆ ಐದೂಕಾಲಿನವರೆಗೆ ಕಾಯೋಣ, ಅರ್ಧ ಗಂಟೆ ಕೆಲಸ ಮಾಡಿ ಹೊರಡೋಣ ಎಂದು ಗೋವರ್ಧನ ಬಾಯಿ ತೆರೆದ. ಅಮ್ಮಣಿ ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದರು. ಐದರ ಮೇಲೆ ಒಂದು ನಿಮಿಷವಾದರೂ ಹೆಣ್ಣು ಒಂಬತ್ತು ದಿನ ಇಲ್ಲಿಯೇ. ದಾಟುವುದೆಂದರೆ ದಾಟಿ ಹೊರಡುವುದು. ದಾಟಿ ಬಂದು ಅಂಗಳದಲ್ಲಿ ಕೂರುವುದಲ್ಲ. ದೀಪ ಹಚ್ಚುವ ಹೊತ್ತಿಗೆ ಸಾಲಿಗ್ರಾಮ ಮುಟ್ಟಬೇಕು.

ಆಮೇಲೆ ಅಜ್ಜಿ ಜಗಲಿಯಿಂದ ಇಳಿದು ಬಂದು ಕಾರಿಗೆ ಒಂದು ಸುತ್ತು ಹಾಕಿದರು. ದಾರಗಳನ್ನು ಮುಟ್ಟಿ ನೋಡಿದರು. ಸೀಟಿಗೆ ಆತುಕೊಂಡು ರಟ್ಟೆ ಒತ್ತಿಕೊಳ್ಳುತ್ತಿದ್ದ ಶೀನನನ್ನೂ ನೋಡಿದರು.

"ಇದ್ರಲ್ಲ್ ಸೀಟ್ ಎಷ್ಟಿತ್ತ್?"

"ಎರಡ್" ಎಂದ ಗೋವರ್ಧನ.

"ಬಂದೋರ್ ಎಷ್ಟ್ ಜನ?"

"ಎರಡ್."

"ನನ್ನ ಮೊಮ್ಮಗಳ್ ಎಲ್ಲ್ ಕೂಕಂಬುದ್?"

ಮೂರನೆಯವರಿಗೆ ಜಾಗವಿಲ್ಲದ ಕಾರೆಂದು ತಿಂಗಳುಗಟ್ಟಲೆ ಹಿಗ್ಗಿದವನಿಗೆ ಈ ಪ್ರಶ್ನೆ ಈವರೆಗೆ ಹೊಳೆದಿರಲಿಲ್ಲ. ಆದರೆ ಮರುಕ್ಷಣವೇ ಅವನ ಮುಖ ಅರಳಿತು. ಶೀನ ಬಸ್ಸಿಗೆ ಹೋಗಲಿ, ದಾರವನ್ನು ಸುಪ್ರೀತಾಳೇ ಎಳೆಯಲಿ. ಮರವಂತೆಯಲ್ಲಿ ಅವಳ ಬಳೆಯ ಸದ್ದಿಗೆ ವೈಪರು ಆಡುತ್ತದೆ, ಕನಸಿನಲ್ಲೂ ಇಷ್ಟು ಚಂದ ಅವನು ಕಂಡಿರಲಿಲ್ಲ. ಸುಪ್ರೀತಾಳಿಗೂ ಇಷ್ಟವಾಯಿತು. ಅವಳು ಸೀರೆಯ ಸೆರಗು ಸಿಕ್ಕಿಸಿ ಕಾರಿಗೆ ಇಳಿದು ದಾರ ಹಿಡಿದಳು.

ಹೊರಡುವ ಮೊದಲು ಅಂಗಳದಲ್ಲಿ ಒಂದು ಸುತ್ತು ಹಾಕಿ ತೋರಿಸಿ ಎಂದರು ಅಮ್ಮಣಿ. ಮಳೆ ಸುರಿಯುತ್ತಿತ್ತು. ಸುಪ್ರೀತಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಾಳ ತಪ್ಪದೆ ಎಳೆದಳು. ಬಳೆ ಗಲಗಲ ಎಂದಿತು, ಗಾಜು ಶುಭ್ರವಾಯಿತು, ರಸ್ತೆ ಅಂಗಳ ಬಾವಿಕಟ್ಟೆ ಎಲ್ಲ ಸ್ಪಷ್ಟವಾಗಿ ಕಂಡವು. ಕಾಣದೇ ಹೋದದ್ದು ಗೋವರ್ಧನನಿಗೆ ಮಾತ್ರ, ಏಕೆಂದರೆ ಅವನು ಗಾಜಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಿವಿಯ ಹತ್ತಿರ ಮಳೆಯ ಒಂದು ಹನಿ ನಿಂತಿತ್ತು, ಅದು ಬೀಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದ. ಕಾರು ಸಾವಕಾಶ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಡಿಕ್ಕಿ ಹೊಡೆದು ನಿಂತಿತು. ಹನಿ ಬಿತ್ತು.

ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು. ಸುಪ್ರೀತಾ ಬಂಪರಿನ ತಗ್ಗನ್ನು ನೋಡಿ, ಗಂಡನ ಮುಖ ನೋಡಿ, ನೀವು ಈಚೆ ಬನ್ನಿ, ನಾನು ಓಡಿಸುತ್ತೇನೆ ಎಂದಳು. ಅಪ್ಪನ ಪಿಕಪ್ಪಿಗೆ ಮಂಜುಗಡ್ಡೆ ತುಂಬಿಕೊಂಡು ಗಂಗೊಳ್ಳಿಗೆ ಎಷ್ಟೋ ಸಲ ಅವಳೇ ಹೋಗಿ ಬಂದವಳು. ಅದೂ ಆಗಬಹುದು ಎಂದು ಗೋವರ್ಧನನಿಗೆ ಅನಿಸಿತು. ಮರವಂತೆ ಮರವಂತೆಯೇ, ಸೀಟು ಯಾವ ಬದಿಯದಾದರೇನು. ಸುಪ್ರೀತಾ ಸ್ಟಿಯರಿಂಗಿಗೆ ಕೂತು ಕಾರನ್ನು ಎಷ್ಟು ಹಗುರವಾಗಿ ಹಿಂದೆ ತೆಗೆದಳೆಂದರೆ ಶೀನ ಜಗಲಿಯಿಂದ ಭಲೇ ಎಂದ. ಗೋವರ್ಧನ ದಾರ ಹಿಡಿದ. ಎಡ, ಬಲ, ಎಡ, ಬಲ. ನಾಲ್ಕನೆಯ ಸಲಕ್ಕೆ ಅವನ ಕಣ್ಣು ಮತ್ತೆ ಆ ಕಿವಿಯ ಕಡೆ ಹೋಯಿತು. ಅಲ್ಲಿ ಇನ್ನೊಂದು ಹನಿ ಕೂತಿತ್ತು. ಅವನು ಎರಡೂ ದಾರವನ್ನು ಒಟ್ಟಿಗೆ ಎಳೆದು ಒಟ್ಟಿಗೇ ಬಿಟ್ಟ. ಸಡಿಲವಾಗಿದ್ದ ಎರಡು ವೈಪರುಗಳೂ ಆಚೀಚೆ ಸರಿದು, ಪುಟಿದು ಬಂದು ಗಾಜಿನ ನಡುವೆ ಒಂದರ ಮೇಲೊಂದು ಹತ್ತಿ, ಜಗಳಕ್ಕೆ ನಿಂತ ಏಡಿಗಳ ಹಾಗೆ ಕಚ್ಚಿಕೊಂಡವು. ದಾರ ಸುಪ್ರೀತಾಳ ಗದ್ದಕ್ಕೆ ಸಿಕ್ಕಿಕೊಂಡಿತು. ಶೀನನೇ ಓಡಿ ಬಂದು ಎಲ್ಲವನ್ನೂ ಬಿಡಿಸಬೇಕಾಯಿತು.

ಅಮ್ಮಣಿಗೆ ಸಿಟ್ಟು ಬರಲಿಲ್ಲ. ಅವರು ಗೋವರ್ಧನನ ಹತ್ತಿರ ಬಂದು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು.

"ನೀವ್ ಅವ್ಳನ್ನ್ ಕಾಂತಾ ಇರಿ, ಬ್ಯಾಡ ಅಂಬುದಿಲ್ಲೆ. ತಿಂಗ್ಳಾಯ್ತ್, ನಂಗೂ ಗೊತ್ತಾತ್ತ್. ಆದ್ರೆ ರಸ್ತಿ ಕಾಂಬುಕ್ ಒಬ್ರ್ ಬೇಕ್, ಗಾಜ್ ಕಾಂಬುಕ್ ಒಬ್ರ್ ಬೇಕ್. ಎರಡೂ ನಿಮ್ಮ ಕೈಯಲ್ಲ್ ಆತಿಲ್ಲೆ."

ತೀರ್ಪು ಅಲ್ಲಿಗೆ ಮುಗಿಯಿತು. ಸುಪ್ರೀತಾ ಕಾರು ಬಿಡುವುದು, ಶೀನ ದಾರ ಎಳೆಯುವುದು. ಹೆಣ್ಣಿನ ಜೊತೆ ಗಂಡಿನ ಕಡೆಯವರೊಬ್ಬರು ಇರಬೇಕೆಂಬುದೇ ಕ್ರಮ, ಆ ಒಬ್ಬರು ಗಂಡನೇ ಆಗಬೇಕೆಂದು ಎಲ್ಲೂ ಹೇಳಿಲ್ಲ. ಶೀನ ಗಂಡಿನ ಊರಿನವನು, ವಯಸ್ಸಾದವನು, ತಾಳ ಬಲ್ಲವನು. ಐದೂಕಾಲಿನ ಬಸ್ಸಿಗೆ ಅಳಿಯಂದಿರು ಸಾಮಾನುಗಳ ಜೊತೆ ಬರಲಿ, ಆ ಕಾರಿನಲ್ಲಿ ಹೇಗೂ ಒಂದು ಕೊಡಪಾನಕ್ಕೂ ಜಾಗವಿಲ್ಲ.

ಐದಕ್ಕೆ ಏಳು ನಿಮಿಷವಿರುವಾಗ ಸುಪ್ರೀತಾ ದೇವರಿಗೂ ಅಜ್ಜಿಗೂ ಕೈಮುಗಿದು ಹೊಸ್ತಿಲು ದಾಟಿದಳು. ಕಾರಿಗೆ ಇಳಿಯುವ ಮೊದಲು ಗಂಡನ ಪಕ್ಕ ಒಂದು ಗಳಿಗೆ ನಿಂತಳು. ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ತಡೆಯಲು ಕಷ್ಟಪಡುತ್ತಿತ್ತು.

"ಬೇಗ ಮನಿಗ್ ಬನಿ. ಮರವಂತೆ ಹ್ಯಾಂಗಿತ್ ಅಂದೇಳಿ ನಾ ಕಂಡ್ಕಂಡ್ ಹೇಳ್ತೆ" ಎಂದಳು.

ಕೆಂಪು ಕಾರು ಹೆದ್ದಾರಿಗೆ ಏರಿ, ತ್ರಿವುಡೆಯಲ್ಲಿ ವೈಪರು ಆಡಿಸುತ್ತ ತೆಂಕು ದಿಕ್ಕಿಗೆ ಹೋಯಿತು. ಗೋವರ್ಧನ ಒದ್ದೆ ಅಂಗಿಯಲ್ಲಿ, ಒಂದು ಹಪ್ಪಳದ ಡಬ್ಬಿ, ಎರಡು ಉಪ್ಪಿನಕಾಯಿ ಭರಣಿ, ಹೆಂಡತಿಯ ಸೂಟ್‌ಕೇಸು ಮತ್ತು ಅಜ್ಜಿ ಪ್ರೀತಿಯಿಂದ ಕೊಟ್ಟ ಒಂದು ದೊಡ್ಡ ಸೌತೆಕಾಯಿಯೊಂದಿಗೆ ಬಸ್ ಸ್ಟಾಪಿನಲ್ಲಿ ನಿಂತ.

ಬಸ್ಸು ಸರಿಯಾದ ಹೊತ್ತಿಗೆ ಬಂತು. ಸಾಮಾನು ಹತ್ತಿಸಿ ಕಿಟಕಿಯ ಪಕ್ಕ ಕೂತದ್ದೇ ಸೋಮ ಮುಖ ತುಂಬ ನಗುತ್ತ ಬಂದ. ಸಾಲಿಗ್ರಾಮದಲ್ಲಿ ಮತ್ತೆ ಮಳೆ ಬಂದರೆ ಯಾರ ಕೈಗೆ ಕೊಡಲಿ ಎಂದು ಇಡೀ ಮಧ್ಯಾಹ್ನ ಚಿಂತೆಯಾಗಿತ್ತು, ಈಗ ನೀವೇ ಸಿಕ್ಕಿದಿರಿ ಎಂದು ಹೇಳಿ ಚರ್ಮದ ಚೀಲದಿಂದ ಒಂದು ಪೊಟ್ಟಣ ತೆಗೆದು ಗೋವರ್ಧನನ ತೊಡೆಯ ಮೇಲೆ ಇಟ್ಟ. ಗೋವರ್ಧನ ಅದನ್ನು ಬಿಡಿಸಿದ. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ನಾಲ್ಕು ಹಲ್ಲು. ಅಂಗಿಯ ಜೇಬಿನಲ್ಲಿದ್ದ ಸ್ಪ್ಯಾನರು ಎದೆಗೆ ಚುಚ್ಚುತ್ತಿತ್ತು.

ನಾವುಂದ ಕಳೆಯಿತು. ಮಳೆ ಬೆಳಗ್ಗಿನಿಂದ ಬಂದದ್ದಕ್ಕಿಂತಲೂ ಚಂದವಾಗಿ, ಗಾಳಿಯಿಲ್ಲದೆ, ನೇರವಾಗಿ ಸುರಿಯತೊಡಗಿತು. ಬಸ್ಸಿನ ಮುಂದಿನಿಂದ ಡ್ರೈವರನ ಉದ್ದ ಹಾರನ್ನು ಕೇಳಿಸಿತು, ಬಸ್ಸು ಎತ್ತಿನಗಾಡಿಯ ವೇಗದಲ್ಲಿ ಸಾಗುತ್ತಿದ್ದ ಯಾವುದೋ ತಗ್ಗು ವಾಹನವನ್ನು ಹಿಂದೆ ಹಾಕುತ್ತಿತ್ತು. ಎದ್ದು ನೋಡಿದವರೆಲ್ಲ ನಗತೊಡಗಿದರು. ಯಾರೋ ಹೆಂಗಸು ಕೆಂಪು ಕಾರು ಬಿಡುತ್ತಿದ್ದಾಳೆ, ಪಕ್ಕದಲ್ಲಿ ಒಬ್ಬ ಮುದುಕ ದಾರ ಹಿಡಿದು ಗಾಜು ಒರೆಸುತ್ತ ಪದ ಹೇಳುತ್ತಿದ್ದಾನೆ, ಇಬ್ಬರಿಗೂ ಲೋಕದ ಪರಿವೆಯೇ ಇಲ್ಲ ಎಂದು ಮುಂದಿನ ಸೀಟಿನವರು ಹಿಂದಿನವರಿಗೆ ಹೇಳಿದರು. ಮರವಂತೆ ಬಂತು ಎಂದು ಸೋಮ ಕೂಗಿದ.

ಗೋವರ್ಧನ ಕಿಟಕಿಯ ಕಡೆ ತಿರುಗಿದ. ಗಾಜಿನ ಮೇಲೆ ಇಡೀ ಬಸ್ಸಿನ ಉಸಿರು ಕಟ್ಟಿ, ಹೊರಗೆ ಏನೂ ಕಾಣುತ್ತಿರಲಿಲ್ಲ. ಒಂದು ಕೈ ಉಪ್ಪಿನಕಾಯಿ ಭರಣಿಗಳನ್ನು ತಬ್ಬಿಕೊಂಡಿತ್ತು. ಅವನು ಇನ್ನೊಂದು ಕೈಯಲ್ಲಿ ರಿಲೇಯನ್ನು ಬಿಗಿಯಾಗಿ ಹಿಡಿದುಕೊಂಡು, ಮುಷ್ಟಿಯ ಹಿಂಭಾಗದಿಂದ ಗಾಜನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಒರೆಸಿದ. ಕೈ ಆ ತುದಿ ಮುಟ್ಟುವಷ್ಟರಲ್ಲಿ ತ್ರಾಸಿ ಬಂದಿತ್ತು.